ಹಳೆಯ ಆರ್‌ಡಿಎಫ್ ಸೆಟ್ಟು, ಸಣ್ಣ ಬೋಟು: ರೇಡಿಯೊ ಕೇಳಿ ದಿಕ್ಕು ಹಿಡಿಯುವ ಕ್ರಮ

ಹಳೆಯ ಹಾಯಿದೋಣಿ ಕೊಂಡವರು, ಹರಾಜಿನಲ್ಲಿ ಹಳೇ ರೇಡಿಯೊ ಹುಡುಕುವವರು, ಹ್ಯಾಮ್ ಹವ್ಯಾಸಿಗಳು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ತಲೆಯ ಮೇಲೆ ತಿರುಗುವ ಕಡ್ಡಿ, ಅದರ ಸುತ್ತ 0ಯಿಂದ 360ರವರೆಗೆ ಅಂಕಿ ಇರುವ ರೇಡಿಯೊ ಸಿಕ್ಕಿದೆ. ಇದನ್ನು ನಂಬಿ ಈಗಲೂ ಸಮುದ್ರದಲ್ಲಿ ದಾರಿ ಹಿಡಿಯಬಹುದೇ?’

ಹಿಡಿಯಬಹುದು. ಆದರೆ ಈ ಸೆಟ್ಟು ನೀವು ಎಲ್ಲಿದ್ದೀರಿ ಎಂದು ಹೇಳುವುದಿಲ್ಲ, ಸ್ಟೇಷನ್ನು ಯಾವ ಕಡೆಗಿದೆ ಎಂದಷ್ಟೇ ಹೇಳುತ್ತದೆ. ಅದನ್ನೂ ನಾಲ್ಕೈದು ಡಿಗ್ರಿ ಆಚೀಚೆ ಮಾಡಿ ಹೇಳುತ್ತದೆ. ಎಷ್ಟು ಆಚೀಚೆ ಎಂಬುದನ್ನು ನಿಮ್ಮ ಬೋಟಿನಲ್ಲೇ ಅಳೆದು ಬರೆದಿಟ್ಟುಕೊಂಡಿದ್ದರೆ ಸೆಟ್ಟು ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಅದು ಕಪಾಟಿನ ಮೇಲಿಡುವ ಚಂದದ ಸಾಮಾನು.

ಆರ್‌ಡಿಎಫ್ ಎಂದರೆ ರೇಡಿಯೊ ಡೈರೆಕ್ಷನ್ ಫೈಂಡರ್, ಅಂದರೆ ರೇಡಿಯೊ ದಿಕ್ಕುಶೋಧಕ. ಜಿಪಿಎಸ್ ಬರುವ ಮೊದಲು ಬ್ರಿಟನ್, ಯುರೋಪ್, ಅಮೆರಿಕದ ಸಣ್ಣ ಬೋಟುಗಳಲ್ಲಿ ಕೈಗೆಟಕುವ ಬೆಲೆಯ ಎಲೆಕ್ಟ್ರಾನಿಕ್ ಸಹಾಯ ಎಂದರೆ ಬಹುಮಟ್ಟಿಗೆ ಇದೇ. ದೀಪಸ್ತಂಭಗಳಲ್ಲಿ ರೇಡಿಯೊ ಬೀಕನ್‌ಗಳಿದ್ದವು. ಅವು ಸುಮಾರು 285ರಿಂದ 325 ಕಿಲೊಹರ್ಟ್ಸ್ ನಡುವೆ ತಮ್ಮ ಹೆಸರನ್ನು ಮೋರ್ಸ್‌ನಲ್ಲಿ ಬಡಿಯುತ್ತಿದ್ದವು. ಇಂಗ್ಲೆಂಡಿನ ಲಿಜರ್ಡ್ ದೀಪಸ್ತಂಭದ ಗುರುತು ‘ಎಲ್‌ಝಡ್’. ಕಿವಿಗೆ ಅದು ‘ಡಿ-ಡಾ-ಡಿ-ಡಿ, ಡಾ-ಡಾ-ಡಿ-ಡಿ’ ಎಂದು ಕೇಳುತ್ತಿತ್ತು. ಬ್ರಿಟನ್ ಮತ್ತು ಐರ್ಲೆಂಡಿನ ಈ ಬೀಕನ್‌ಗಳು 1999ರಲ್ಲಿ ಮುಚ್ಚಿದವು, ಬೇರೆಡೆಯೂ ಹೆಚ್ಚುಕಡಿಮೆ ಇದೇ ಆಯಿತು. ಹಾಗಾಗಿ ಸೆಟ್ಟಿನ ಜೊತೆ ಬಂದ ಹಳೇ ಬೀಕನ್ ಪಟ್ಟಿಯನ್ನು ಓದಿ ಖುಷಿಪಡಿ, ಆದರೆ ಚಾರ್ಟಿನ, ಅಂದರೆ ಕಡಲ ನಕಾಶೆಯ, ಮೇಲೆ ಬಳಸಬೇಡಿ.

ಇಂದು ಉಳಿದಿರುವುದು ಎರಡು. ಒಂದು, ವಿಮಾನ ನಿಲ್ದಾಣಗಳ ಎನ್‌ಡಿಬಿ. ಎಲ್ಲ ದಿಕ್ಕಿಗೂ ಸಮನಾಗಿ ಪ್ರಸಾರ ಮಾಡುವ ಈ ಬೀಕನ್‌ಗಳು ಹೆಚ್ಚಾಗಿ 190ರಿಂದ 535 ಕಿಲೊಹರ್ಟ್ಸ್ ನಡುವೆ ಸಿಗುತ್ತವೆ. ಇನ್ನೊಂದು, ಮಧ್ಯಮ ತರಂಗದ, ಅಂದರೆ ಎಎಂ ಬಾನುಲಿ ಕೇಂದ್ರಗಳು. ಎರಡರ ಸಂಖ್ಯೆಯೂ ವರ್ಷವರ್ಷಕ್ಕೆ ಕರಗುತ್ತಿದೆ. ಬಾಲ್ಟಿಕ್ ಮತ್ತು ಪೂರ್ವ ಮೆಡಿಟರೇನಿಯನ್ ಕಡೆ ಜಿಪಿಎಸ್‌ಗೆ ಅಡ್ಡಿಯಾಗುವ ಸುದ್ದಿ ಬರುತ್ತಿರುವ ಈ ದಿನಗಳಲ್ಲಿ ಹಳೆ ವಿದ್ಯೆಯ ಮೇಲೆ ಆಸಕ್ತಿ ಮರಳಿದೆ, ಸಂತೋಷ. ಆದರೂ ಇದು ಜಿಪಿಎಸ್ಸಿನ ಜಾಗದಲ್ಲಿ ನಿಲ್ಲುವ ಸಾಧನವಲ್ಲ, ಪಕ್ಕದಲ್ಲಿ ನಿಲ್ಲುವ ಸಾಧನ.

ಮೊದಲು ತಿಳಿಯಬೇಕಾದ ಒಂದೇ ಒಂದು ತತ್ವ

ಸೆಟ್ಟಿನ ಮೇಲಿರುವ ಕಡ್ಡಿಯ ಒಳಗೆ ಫೆರೈಟ್ ಎಂಬ ಕಪ್ಪು ಕಾಂತೀಯ ವಸ್ತುವಿದೆ, ಅದರ ಮೇಲೆ ತಂತಿ ಸುತ್ತಿದೆ. ಕಡ್ಡಿಯ ಅಗಲ ಸ್ಟೇಷನ್ನಿಗೆ ಎದುರಾಗಿದ್ದಾಗ ದನಿ ಜೋರು. ಕಡ್ಡಿಯ ತುದಿ ಸ್ಟೇಷನ್ನಿನತ್ತ ಚಾಚಿದಾಗ ದನಿ ಅಡಗುತ್ತದೆ. ದನಿ ಅಡಗುವ ಈ ಜಾಗಕ್ಕೆ ‘ನಲ್’ ಎನ್ನುತ್ತಾರೆ. ಕಡ್ಡಿಯ ಬದಲು ತಂತಿಬಳೆ ಇರುವ ಸೆಟ್ಟುಗಳಲ್ಲಿ ಬಳೆಯ ಅಗಲವಾದ ಮುಖ ಸ್ಟೇಷನ್ನಿನತ್ತ ತಿರುಗಿದಾಗ ನಲ್.

ಹೊಸಬರು ದನಿ ಜೋರಾಗುವ ಕಡೆಯನ್ನು ಹುಡುಕುತ್ತಾರೆ. ಅದು ತಪ್ಪು. ಜೋರು ದನಿ ಮೂವತ್ತು ನಲವತ್ತು ಡಿಗ್ರಿ ಉದ್ದಕ್ಕೂ ಒಂದೇ ಥರ ಕೇಳುತ್ತದೆ, ಅದರ ನಡುಮಧ್ಯ ಕಿವಿಗೆ ಸಿಗುವುದಿಲ್ಲ. ನಲ್ ಹಾಗಲ್ಲ. ‘ಪೀ’ ಎನ್ನುವ ದನಿ ಸಣ್ಣಗಾಗುತ್ತ ಹೋಗಿ ಬರೀ ಸುಯ್ ಎನ್ನುವ ಸದ್ದು ಉಳಿಯುತ್ತದೆ. ಕೆಲವೇ ಡಿಗ್ರಿ ಮುಂದೆ ತಿರುಗಿಸಿದರೆ ದನಿ ಮತ್ತೆ ಎದ್ದು ಬರುತ್ತದೆ. ಅಳೆಯಬೇಕಾದ್ದು ಈ ಮೌನವನ್ನು.

ಕಡ್ಡಿಗೆ ಎರಡು ತುದಿ ಇರುವುದರಿಂದ ಒಂದು ಸುತ್ತಿಗೆ ಎರಡು ನಲ್ ಸಿಗುತ್ತವೆ, 180 ಡಿಗ್ರಿ ಅಂತರದಲ್ಲಿ. ಸ್ಟೇಷನ್ನು ಯಾವ ತುದಿಯ ಕಡೆ ಎಂಬ ಗೊಂದಲಕ್ಕೆ ಮುಂದೆ ಪರಿಹಾರ ಇದೆ.

ಹಂತ 1: ನಿಮ್ಮ ಕೈಯಲ್ಲಿರುವುದು ಯಾವ ಬಗೆ?

ಕೈಯಲ್ಲಿ ಹಿಡಿಯುವ ಬಗೆಯಲ್ಲಿ ಫೆರೈಟ್ ಕಡ್ಡಿಯ ಜೊತೆಗೇ ದಿಕ್ಸೂಚಿ ಇರುತ್ತದೆ. ಬ್ರಿಟನ್ನಿನ ಸೀಫಿಕ್ಸ್, ಬ್ರೂಕ್ಸ್ ಅಂಡ್ ಗೇಟ್‌ಹೌಸ್ ಕಂಪನಿಯ ಹೋಮರ್ ರಿಸೀವರಿನ ಜೊತೆ ಬರುತ್ತಿದ್ದ ಹೆರಾನ್ ಈ ಜಾತಿಯವು. ಇವು ನೇರವಾಗಿ ದಿಕ್ಸೂಚಿಯ ಕೋನ ಕೊಡುತ್ತವೆ.

ಮೇಜಿನ ಮೇಲಿಡುವ ಬಗೆಯಲ್ಲಿ ಪೆಟ್ಟಿಗೆಯ ತಲೆಯ ಮೇಲೆ ಕಡ್ಡಿ ತಿರುಗುತ್ತದೆ. ಅಮೆರಿಕದ ರೇ ಜೆಫರ್ಸನ್, ಬೆಂಡಿಕ್ಸ್ ಸೆಟ್ಟುಗಳನ್ನು ನೋಡಿದ್ದರೆ ಚಿತ್ರ ಕಣ್ಣಮುಂದೆ ಬರುತ್ತದೆ. ಇವು ಕೊಡುವುದು ಬೋಟಿನ ಮೂತಿಯಿಂದ ಬಲಕ್ಕೆ ಎಣಿಸಿದ ಕೋನ. ಅದನ್ನು ಸಾಪೇಕ್ಷ ಕೋನ ಎಂದು ಕರೆಯೋಣ.

ಮೂರನೆಯದು ಎಡಿಎಫ್. ಜಪಾನಿನ ಕೋಡೆನ್, ತಾಯೊ ಸೆಟ್ಟುಗಳಂತೆ ಮುಳ್ಳು ತಾನೇ ತಿರುಗಿ ತೋರಿಸುವ ಬಗೆ. ಸುಲಭ ಎನಿಸುತ್ತದೆ, ಆದರೆ ಸಿಗ್ನಲ್ ಕೆಟ್ಟಿದ್ದಾಗಲೂ ಮುಳ್ಳು ಎಲ್ಲೋ ಒಂದು ಕಡೆ ನಿಂತು ನಿಮ್ಮನ್ನು ನಂಬಿಸುತ್ತದೆ. ಕಿವಿಯಿಂದ ನಲ್ ಹಿಡಿದರೆ ಸಿಗ್ನಲ್ ಕೆಟ್ಟಿದೆ ಎಂಬುದೂ ಕಿವಿಗೇ ಗೊತ್ತಾಗುತ್ತದೆ. ಕಲಿಯುವವರಿಗೆ ಕೈಯಿಂದ ತಿರುಗಿಸುವ ಸೆಟ್ಟೇ ವಾಸಿ.

ಕೊಳ್ಳುವ ಮುನ್ನ ಮೂರು ಗುಂಡಿಗಳಿವೆಯೇ ನೋಡಿ. ಒಂದು, ಗೇನ್ ಅನ್ನು, ಅಂದರೆ ಸೆಟ್ಟು ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣವನ್ನು, ಕೈಯಿಂದ ಏರಿಸಿ ಇಳಿಸುವ ಗುಂಡಿ. ರೇಡಿಯೊ ತಾನೇ ದನಿಯನ್ನು ಸಮ ಮಾಡುವ ಎಜಿಸಿ ವ್ಯವಸ್ಥೆ ಸದಾ ಚಾಲೂ ಇದ್ದರೆ, ದನಿ ಕುಗ್ಗಿದ ಕೂಡಲೇ ಅದನ್ನು ಎತ್ತಿಹಿಡಿದು ನಲ್ ಅನ್ನೇ ಅಳಿಸಿಬಿಡುತ್ತದೆ. ಎರಡು, ಬಿಎಫ್‌ಒ. ಬರೀ ವಾಹಕ ಅಲೆ ಇದ್ದು ದನಿಯಿಲ್ಲದ ಸಿಗ್ನಲ್ಲಿಗೆ ‘ಪೀ’ ದನಿ ಕೊಡುವ ಆಂದೋಲಕ ಇದು. ಮೂರು, ಸ್ಟೇಷನ್ನು ಯಾವ ತುದಿಯ ಕಡೆ ಎಂದು ತಿಳಿಸುವ ‘ಸೆನ್ಸ್’ ಗುಂಡಿ ಮತ್ತು ಅದಕ್ಕೆ ಬೇಕಾದ ನೆಟ್ಟನೆಯ ಆಂಟೆನಾ.

ಹಂತ 2: ಬೆಂಚಿನ ಮೇಲೆ ದುರಸ್ತಿ

ವಿದ್ಯುತ್ ಕೊಡುವ ಮುನ್ನ ಬ್ಯಾಟರಿ ಗೂಡು ತೆರೆಯಿರಿ. ಸೋರಿದ ಸೆಲ್ಲಿನ ಬಿಳಿ ಅಥವಾ ಹಸಿರು ಪುಡಿ ಇದ್ದರೆ ವಿನೆಗರ್ ಹನಿಸಿದ ಬಟ್ಟೆಯಿಂದ ಒರೆಸಿ, ನೀರಿನ ಪಸೆ ಇಲ್ಲದಂತೆ ಒಣಗಿಸಿ. 9 ವೋಲ್ಟಿನ ದೊಡ್ಡ ಪಿಪಿ9 ಬ್ಯಾಟರಿ ಕೇಳುವ ಸೆಟ್ಟಿಗೆ ಆರು ಎಎ ಸೆಲ್ಲಿನ ಗೂಡು ಸಾಕು.

ಬೋಟಿನ 12 ವೋಲ್ಟ್ ಲೈನಿಗೆ ಜೋಡಿಸುವ ಆಸೆ ಬಿಡಿ. 1960ರ ದಶಕದ ಜರ್ಮೇನಿಯಂ ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಎಷ್ಟೋ ಸಲ ಧನ ತುದಿಯೇ ಪೆಟ್ಟಿಗೆಗೆ ಸೇರಿರುತ್ತದೆ. ಋಣ ತುದಿ ಸೇರಿರುವ ಬೋಟಿನ ಲೈನಿಗೆ ಅದನ್ನು ಕೊಟ್ಟರೆ ನೇರ ಶಾರ್ಟ್. ಜೊತೆಗೆ ಲೈನಿನ ಗದ್ದಲವೆಲ್ಲ ಸೆಟ್ಟಿನೊಳಗೆ ಬರುತ್ತದೆ.

ನಂತರ ಈ ಕ್ರಮದಲ್ಲಿ ನೋಡಿ:

1. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಸೆಟ್ಟು ‘ಪಟ್‌ಪಟ್‌’ ಎಂದು ದೋಣಿ ಮೋಟರಿನಂತೆ ಬಡಿದುಕೊಂಡರೆ ಅವೇ ಕಾರಣ. ಅದೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನವನ್ನು ಹಾಕಿ. ಧನ–ಋಣ ತುದಿ ಹಳೆಯದರಂತೆಯೇ ಇರಲಿ.
2. ಎಎಫ್114ರಿಂದ ಎಎಫ್117ರವರೆಗಿನ ಟ್ರಾನ್ಸಿಸ್ಟರ್‌ಗಳಿದ್ದರೆ ಒಳಗೆ ತವರದ ಕೂದಲೆಳೆ ಬೆಳೆದು ಲೋಹದ ಹೊದಿಕೆಗೆ ತಾಗಿರುತ್ತದೆ. ನಾಲ್ಕು ಕಾಲುಗಳಲ್ಲಿ ಹೊದಿಕೆಗೆ ಸೇರಿದ ಒಂದನ್ನು ಕತ್ತರಿಸಿದರೆ ಬಹಳ ಸಲ ಜೀವ ಬರುತ್ತದೆ.
3. ಗೇನ್ ಗುಂಡಿ ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ತಿರುಗಿಸಿ.
4. ಫೆರೈಟ್ ಕಡ್ಡಿ ಗಾಜಿನಂತೆ ಒಡೆಯುವ ವಸ್ತು. ಬಿರುಕಿದ್ದರೆ ಸೆಟ್ಟು ಮಂದವಾಗುತ್ತದೆ. ಅದರ ಮೇಲಿನ ತಂತಿ ಲಿಟ್ಜ್, ಅಂದರೆ ಹತ್ತಾರು ನವಿರು ಎಳೆಗಳನ್ನು ಹೊಸೆದ ತಂತಿ. ಒಂದೆರಡು ಎಳೆ ಬಿಟ್ಟುಹೋದರೂ ಶ್ರುತಿಯ ಚೂಪು ಹೋಗುತ್ತದೆ. ಬೆಸುಗೆ ಹಾಕುವಾಗ ಎಲ್ಲ ಎಳೆಗಳೂ ತವರ ಹಿಡಿದಿರಬೇಕು.

ಸೆಟ್ಟಿನೊಳಗಿನ ಚೌಕ ಲೋಹದ ಡಬ್ಬಿಗಳ ತಿರುಪನ್ನು ಮುಟ್ಟಬೇಡಿ. ಅವು ಕಾರ್ಖಾನೆಯಲ್ಲಿ ಹೊಂದಿಸಿಟ್ಟ ಐಎಫ್ ಸುರುಳಿಗಳು. ಸಡಿಲವಾಗಿದೆಯೆಂದು ಬಿಗಿ ಮಾಡಿ ಕೆಡಿಸಿದ ಸೆಟ್ಟುಗಳೇ ಮಾರುಕಟ್ಟೆಯಲ್ಲಿ ಹೆಚ್ಚು.

ಇಯರ್‌ಫೋನ್ ವಿಷಯ ಚಿಕ್ಕದಾಗಿ ಕಂಡರೂ ತೊಂದರೆ ದೊಡ್ಡದು. ದಿಕ್ಸೂಚಿ ಇರುವ ಕೈಸೆಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತೀರಿ, ಕಿವಿಯ ಮೇಲೆ ಇಂದಿನ ಹೆಡ್‌ಫೋನ್. ಅದರೊಳಗಿನ ಅಯಸ್ಕಾಂತಕ್ಕೂ ದಿಕ್ಸೂಚಿಗೂ ನಡುವೆ ಒಂದು ಅಡಿ ಇದ್ದರೆ ಹೆಚ್ಚು. ಮುಳ್ಳು ಹತ್ತು ಡಿಗ್ರಿ ಸರಿದರೂ ನಿಮಗೆ ಗೊತ್ತಾಗುವುದಿಲ್ಲ. ಮೇಜಿನ ಮೇಲೆ ದಿಕ್ಸೂಚಿ ಇಟ್ಟು ಹೆಡ್‌ಫೋನನ್ನು ಹತ್ತಿರ ತಂದು ನೋಡಿದರೆ ನಂಬಿಕೆ ಬರುತ್ತದೆ. ಅಯಸ್ಕಾಂತವಿಲ್ಲದ ಕ್ರಿಸ್ಟಲ್ ಇಯರ್‌ಫೋನ್ ಬಳಸಿ. ಸೆಟ್ಟು ಹಳೇ 2000 ಓಮ್ ಹೆಡ್‌ಫೋನಿಗೆಂದು ಮಾಡಿದ್ದಾದರೆ ಕ್ರಿಸ್ಟಲ್‌ಗೆ ಸಮಾಂತರವಾಗಿ 4.7 ಕಿಲೊಓಮ್ ರೆಸಿಸ್ಟರ್ ಬೇಕಾಗುತ್ತದೆ. ಮೊಬೈಲು, ಉಕ್ಕಿನ ಚೌಕಟ್ಟಿನ ಕನ್ನಡಕ, ಚಾಕು ಎಲ್ಲವನ್ನೂ ಒಂದು ಮೀಟರಿನಾಚೆ ಇಡಿ.

ಹಂತ 3: ನೆಲದ ಮೇಲೆ ಪರೀಕ್ಷೆ

ಮನೆಯೊಳಗೆ ಪರೀಕ್ಷಿಸಬೇಡಿ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು ಅಲೆಯ ದಿಕ್ಕನ್ನೇ ತಿರುಚುತ್ತದೆ. ವಿದ್ಯುತ್ ತಂತಿ, ತಂತಿಬೇಲಿ ಹತ್ತಿರವಿಲ್ಲದ ಬಯಲಿಗೆ ಹಗಲಲ್ಲಿ ಹೋಗಿ.

ಸ್ಪಷ್ಟವಾಗಿ ಕೇಳುವ ಒಂದು ಎಎಂ ಕೇಂದ್ರ ಹಿಡಿದು ಕಡ್ಡಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಎರಡೂ ನಲ್‌ಗಳ ಅಂಕಿ ಬರೆದುಕೊಳ್ಳಿ. ಅಂತರ 180 ಇರಬೇಕು. 170 ಅಥವಾ 190 ಬಂದರೆ ಕಡ್ಡಿ ಅಥವಾ ಬಳೆ ತಾನೇ ಒಂದು ನೆಟ್ಟನೆ ತಂತಿಯಂತೆಯೂ ಸಿಗ್ನಲ್ ಹಿಡಿಯುತ್ತಿದೆ ಎಂದರ್ಥ. ಕಾರಣ ಸಾಮಾನ್ಯವಾಗಿ ಬಿಟ್ಟುಹೋದ ಲೋಹದ ಕವಚ, ಕಳಚಿದ ಅರ್ತ್ ತಂತಿ, ಇಲ್ಲವೇ ಒಳಗೆ ಅಂಟಿಕೊಂಡಿರುವ ಸೆನ್ಸ್ ಸ್ವಿಚ್ಚು. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಈಗ ನಕಾಶೆಯಲ್ಲಿ ನೀವು ನಿಂತ ಜಾಗದಿಂದ ಪ್ರಸಾರ ಗೋಪುರಕ್ಕೆ ಕೋನ ಅಳೆದು ಹೋಲಿಸಿ. ಬಯಲಿನಲ್ಲಿ ಎರಡು ಮೂರು ಡಿಗ್ರಿಯೊಳಗೆ ಬಂದರೆ ಸೆಟ್ಟು ಚೆನ್ನಾಗಿದೆ.

ಹಂತ 4: ಸ್ಟೇಷನ್ನುಗಳ ಪಟ್ಟಿ ಮಾಡುವುದು

ದುಬಾರಿ ತಪ್ಪು ಆಗುವುದು ಇಲ್ಲೇ. ಕೋನ ಅಳೆಯುವುದು ಪ್ರಸಾರ ಗೋಪುರಕ್ಕೆ. ಕೇಂದ್ರದ ಹೆಸರಿನಲ್ಲಿರುವ ಊರಿಗೂ ಗೋಪುರಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ನಮ್ಮ ಕರಾವಳಿಯದೇ ಉದಾಹರಣೆ: ಮಂಗಳೂರು ಆಕಾಶವಾಣಿಯ ಸ್ಟುಡಿಯೊ ಕದ್ರಿಯ ಗುಡ್ಡದಲ್ಲಿ. ಆದರೆ 1089 ಕಿಲೊಹರ್ಟ್ಸ್ ಮಧ್ಯಮ ತರಂಗಕ್ಕೆ ನೆಟ್ಟ ಗೋಪುರ ಉಡುಪಿಯಾಚೆಯ ಬ್ರಹ್ಮಾವರದಲ್ಲಿ, ನೇರ ಗೆರೆಯಲ್ಲಿ ಸುಮಾರು 60 ಕಿಲೊಮೀಟರ್ ಉತ್ತರಕ್ಕೆ. ‘ಮಂಗಳೂರು ಕೇಂದ್ರ’ ಎಂದು ಕಿವಿಯಲ್ಲಿ ಕೇಳಿ ಮಂಗಳೂರಿನಿಂದ ಗೆರೆ ಎಳೆದವರ ಬೋಟು ಚಾರ್ಟಿನ ಮೇಲೆ ಮೂವತ್ತಕ್ಕೂ ಹೆಚ್ಚು ನಾಟಿಕಲ್ ಮೈಲು ತಪ್ಪಿ ಕೂರುತ್ತದೆ.

ಇನ್ನೊಂದು ಬಲೆ: ಒಂದೇ ಆವರ್ತನದಲ್ಲಿ ಹಲವು ಗೋಪುರಗಳಿಂದ ಒಂದೇ ಕಾರ್ಯಕ್ರಮ. ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೊ 5 ಲೈವ್ 693 ಮತ್ತು 909 ಕಿಲೊಹರ್ಟ್ಸ್‌ಗಳಲ್ಲಿ ಹೀಗೆಯೇ ಬರುತ್ತದೆ. ಎರಡು ಗೋಪುರಗಳ ಅಲೆ ಬೆರೆತಾಗ ಸಿಗುವ ನಲ್ ಎರಡಕ್ಕೂ ಸೇರದ ಯಾವುದೋ ದಿಕ್ಕು ತೋರಿಸುತ್ತದೆ. ಅಂಥವನ್ನು ಪಟ್ಟಿಯಿಂದ ಹೊಡೆದುಹಾಕಿ.

ಎನ್‌ಡಿಬಿಗಳ ಆವರ್ತನ, ಮೋರ್ಸ್ ಗುರುತು, ಅಕ್ಷಾಂಶ ರೇಖಾಂಶಗಳು ಆಯಾ ದೇಶದ ವೈಮಾನಿಕ ಮಾಹಿತಿ ಪ್ರಕಟಣೆ ಎಐಪಿಯಲ್ಲಿ ಸಿಗುತ್ತವೆ. ಭಾರತದಲ್ಲಿ ಅದನ್ನು ಹೊರತರುವುದು ವಿಮಾನ ನಿಲ್ದಾಣ ಪ್ರಾಧಿಕಾರ. ಪ್ರತಿ ಪ್ರವಾಸಕ್ಕೂ ಹೊಸದಾಗಿ ನೋಡಿ. ಮುಚ್ಚಿದ ಬೀಕನ್‌ಗಳು ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗುತ್ತವೆ. ಕೆಲವು ಕರಾವಳಿಗಳಲ್ಲಿ 300 ಕಿಲೊಹರ್ಟ್ಸ್ ಆಸುಪಾಸು ಡಿಜಿಪಿಎಸ್, ಅಂದರೆ ಜಿಪಿಎಸ್ಸಿನ ತಪ್ಪು ತಿದ್ದುವ ಪ್ರಸಾರದ ಗರಗರ ಸದ್ದು ಇನ್ನೂ ಕೇಳಬಹುದು. ಅದರ ಮೇಲೂ ನಲ್ ಸಿಗುತ್ತದೆ. ಆದರೆ ಮೋರ್ಸ್ ಗುರುತು ಇಲ್ಲದ ಕಾರಣ ಅದು ಯಾವ ಸ್ಟೇಷನ್ನೆಂದು ಕಿವಿಯಿಂದ ಖಚಿತಪಡಿಸಿಕೊಳ್ಳಲಾಗದು.

ಆಯ್ಕೆಗೆ ಇಷ್ಟು ನೋಡಿ: ಗೋಪುರ ಕಡಲ ಅಂಚಿನಲ್ಲಿರಬೇಕು. ಬೋಟಿನಿಂದ ಅದಕ್ಕೆ ಹೋಗುವ ಗೆರೆ ಆದಷ್ಟೂ ನೀರಿನ ಮೇಲೇ ಇರಬೇಕು. 50 ನಾಟಿಕಲ್ ಮೈಲಿನೊಳಗಿರಬೇಕು. ಎರಡು ಸ್ಟೇಷನ್ನುಗಳ ಗೆರೆಗಳು 60ರಿಂದ 120 ಡಿಗ್ರಿ ಕೋನದಲ್ಲಿ ಕತ್ತರಿಸಬೇಕು.

ಹಂತ 5: ಬೋಟಿನಲ್ಲಿ ಜಾಗ

ಮರ ಮತ್ತು ಫೈಬರ್ ಬೋಟುಗಳಲ್ಲಿ ಆರ್‌ಡಿಎಫ್ ಚೆನ್ನಾಗಿ ನಡೆಯುತ್ತದೆ. ಉಕ್ಕಿನ ಬೋಟಿನ ಕ್ಯಾಬಿನ್ನಿನೊಳಗೆ ನಡೆಯುವುದೇ ಇಲ್ಲ, ಡೆಕ್ಕಿನ ಮೇಲೆ ತರಬೇಕು.

ದೊಡ್ಡ ಶತ್ರು ಲೋಹದ ಮುಚ್ಚಿದ ಉಂಗುರ. ಹಾಯಿಕಂಬ, ಅದನ್ನು ಹಿಂದೆ ಮುಂದೆ ಎಳೆದು ಹಿಡಿದ ಉಕ್ಕಿನ ಹಗ್ಗಗಳು, ಡೆಕ್ಕು ಸೇರಿ ಒಂದು ಉಂಗುರ. ಬೀಳದಂತೆ ಬೋಟಿನ ಸುತ್ತ ಕಟ್ಟಿದ ತಂತಿಬೇಲಿ ಇನ್ನೊಂದು. ಇವು ಅಲೆಯನ್ನು ಹಿಡಿದು ಮತ್ತೆ ಹೊರಸೂಸುತ್ತವೆ, ಆಗ ನಲ್ ಸರಿಯುತ್ತದೆ. ತಂತಿಬೇಲಿಯ ಉಂಗುರ ಮುರಿಯುವುದು ಸುಲಭ: ಒಂದು ತುದಿಯ ಲೋಹದ ಕೊಂಡಿ ತೆಗೆದು ನೈಲಾನ್ ದಾರದಿಂದ ಬಿಗಿಯಾಗಿ ಕಟ್ಟಿ. ಭಾರ ತಡೆಯುವಂತೆ ನಾಲ್ಕೈದು ಸುತ್ತು ಹಾಕಿ, ಬಿಸಿಲಿಗೆ ದಾರ ಸವೆಯುವುದರಿಂದ ಆಗಾಗ ಬದಲಿಸಿ. ಕಂಬದ ಹಗ್ಗಗಳನ್ನು ಹಾಗೆ ಕತ್ತರಿಸಲಾಗದು. ಆ ದೋಷವನ್ನು ಅಳೆದು ಬರೆದುಕೊಳ್ಳುವುದೇ ದಾರಿ.

ಮೇಜಿನ ಸೆಟ್ಟಿಗೆ ಖಾಯಂ ಜಾಗ ಮಾಡಿ, ಅದರ 0–180 ಗೆರೆ ಬೋಟಿನ ನಡುಗೆರೆಗೆ ಸಮಾಂತರವಾಗಿರಲಿ. ಮರದ ಪಟ್ಟಿ ಹೊಡೆದು ಕೂರಿಸಿದರೆ ಪ್ರತಿ ಸಲ ಅಲ್ಲೇ ಕೂರುತ್ತದೆ. ಕೈಸೆಟ್ಟಿನವರು ನಿಲ್ಲುವ ಜಾಗಕ್ಕೆ ಬಣ್ಣದ ಗುರುತು ಹಾಕಿ. ಒಂದು ಮೀಟರ್ ಆಚೀಚೆ ನಿಂತರೂ ದೋಷ ಬದಲಾಗುತ್ತದೆ.

ಹಂತ 6: ದೋಷದ ಪಟ್ಟಿ ತಯಾರಿಸುವುದು

ಅರ್ಧ ದಿನ ಬೇಕು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ಬಿಡಲೇಬಾರದ ಹಂತವೂ ಇದೇ.

1. ಗಾಳಿ ಕಡಿಮೆ ಇರುವ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ, ಗೋಪುರದಿಂದ ಐದಾರು ನಾಟಿಕಲ್ ಮೈಲು ದೂರದ ತೆರೆದ ನೀರಿಗೆ ಹೋಗಿ. ಹಾಯಿ, ಕ್ರೇನು, ಸಣ್ಣ ದೋಣಿ ಎಲ್ಲವೂ ಪ್ರವಾಸದಲ್ಲಿ ಇರುವಂತೆಯೇ ಇರಲಿ.
2. ಜಿಪಿಎಸ್‌ನಿಂದ ಗೋಪುರದ ನಿಜಕೋನ ತೆಗೆಯಿರಿ. ನಿಜಕೋನ ಎಂದರೆ ಭೂಗೋಳದ ಉತ್ತರದಿಂದ ಎಣಿಸಿದ್ದು. 100 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಈ ಕೋನ ಬದಲಾಗುವುದು ಅರ್ಧ ಡಿಗ್ರಿಯ ಆಸುಪಾಸು, ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.
3. ಬೋಟನ್ನು 15 ಡಿಗ್ರಿಗೊಮ್ಮೆ ನಿಲ್ಲಿಸುತ್ತ ಪೂರ್ತಿ ಸುತ್ತು ತಿರುಗಿ, ಒಟ್ಟು 24 ಅಳತೆ. ಪ್ರತಿ ಸಲವೂ ಬೋಟಿನ ಮೂತಿಯ ದಿಕ್ಕು ಮತ್ತು ಸೆಟ್ಟಿನ ಸಾಪೇಕ್ಷ ಕೋನ ಬರೆಯಿರಿ.
4. ಗೋಪುರದ ನಿಜಕೋನದಿಂದ ಮೂತಿಯ ನಿಜದಿಕ್ಕು ಕಳೆದರೆ ಬರಬೇಕಾದ ಸಾಪೇಕ್ಷ ಕೋನ ಸಿಗುತ್ತದೆ. ಅದರಿಂದ ಸೆಟ್ಟು ತೋರಿಸಿದ್ದನ್ನು ಕಳೆಯಿರಿ. ಉಳಿದದ್ದೇ ತಿದ್ದುಪಡಿ.

ಸಾಮಾನ್ಯವಾಗಿ ಮೂತಿ, ಹಿಂಭಾಗ, ನೇರ ಎಡ, ನೇರ ಬಲಗಳಲ್ಲಿ ದೋಷ ಸೊನ್ನೆಯ ಹತ್ತಿರ. ನಡುವಿನ ನಾಲ್ಕು ಮೂಲೆಗಳಲ್ಲಿ ಅತಿ ಹೆಚ್ಚು. ಲೋಹ ಕೋನವನ್ನು ಬೋಟಿನ ಉದ್ದಗೆರೆಯ ಕಡೆಗೆ ಎಳೆಯುವುದರಿಂದ 45 ಇರಬೇಕಾದ್ದು 41 ಎಂದೂ 135 ಇರಬೇಕಾದ್ದು 139 ಎಂದೂ ತೋರಬಹುದು. ಅಂದರೆ ತಿದ್ದುಪಡಿ ಮೊದಲ ಮೂಲೆಯಲ್ಲಿ +4, ಮುಂದಿನದರಲ್ಲಿ –4, ಹೀಗೆ ಒಂದು ಬಿಟ್ಟು ಒಂದು. ನಿಮ್ಮ ಅಂಕಿಗಳನ್ನು ಗ್ರಾಫಿನಲ್ಲಿ ಇಟ್ಟಾಗ ಎರಡು ಏರು ಎರಡು ಇಳಿತದ ನಯವಾದ ಅಲೆ ಬರಬೇಕು. ಯಾವುದೋ ಒಂದು ಚುಕ್ಕಿ ಮಾತ್ರ ಎತ್ತಲೋ ಹಾರಿದ್ದರೆ ಆ ಅಳತೆ ತಪ್ಪಾಗಿದೆ, ಮತ್ತೆ ತೆಗೆಯಿರಿ. ಎಲ್ಲ ಅಂಕಿಗಳೂ ಒಂದೇ ಸಮ ಎರಡು ಡಿಗ್ರಿ ಹೆಚ್ಚಿದ್ದರೆ ಸೆಟ್ಟು ನಡುಗೆರೆಗೆ ಓರೆಯಾಗಿ ಕೂತಿದೆ.

ಎನ್‌ಡಿಬಿಗೂ ಎಎಂಗೂ ಬೇರೆ ಬೇರೆ ಪಟ್ಟಿ ಬೇಕು. 300 ಕಿಲೊಹರ್ಟ್ಸ್‌ನ ಅಲೆ ಒಂದು ಕಿಲೊಮೀಟರ್ ಉದ್ದ, 1089ರದು ಸುಮಾರು 275 ಮೀಟರ್. ಕಿರಿದಾದ ಅಲೆಗೆ ನಿಮ್ಮ ಹಾಯಿಕಂಬ ದೊಡ್ಡದಾಗಿ ಕಾಣುತ್ತದೆ, ದೋಷವೂ ಹೆಚ್ಚು.

ಹಂತ 7: ಕೋನ ತೆಗೆಯುವುದು

ಇಬ್ಬರು ಬೇಕು, ಒಬ್ಬರು ಸೆಟ್ಟಿನ ಹತ್ತಿರ, ಒಬ್ಬರು ಚುಕ್ಕಾಣಿಯಲ್ಲಿ.

1. ಇಂಜಿನ್ ನಿಲ್ಲಿಸಿ. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್ವರ್ಟರ್, ಸೋಲಾರ್ ಕಂಟ್ರೋಲರ್ ಎಲ್ಲ ಆರಿಸಿ. ಒಂದೊಂದಾಗಿ ಆರಿಸಿದರೆ ಯಾವುದು ಕಿರುಚುತ್ತಿತ್ತು ಎಂದೂ ತಿಳಿಯುತ್ತದೆ.
2. ಸ್ಟೇಷನ್ ಹಿಡಿದು ಮೋರ್ಸ್ ಗುರುತನ್ನು ಕನಿಷ್ಠ ಎರಡು ಸಲ ಕೇಳಿ, ಬರೆದುಕೊಳ್ಳಿ. ‘ಅದೇ ಇರಬೇಕು’ ಎಂಬ ಊಹೆ ಬೇಡ.
3. ಬಿಎಫ್‌ಒ ಹಾಕಿ. ಎನ್‌ಡಿಬಿಯ ವಾಹಕ ಅಲೆ ಮೋರ್ಸ್ ನಡುವಿನ ಬಿಡುವಿನಲ್ಲೂ ಇರುವುದರಿಂದ ನಿಲ್ಲದ ‘ಪೀ’ ಸಿಗುತ್ತದೆ. ಎಜಿಸಿ ಇದ್ದರೆ ಆರಿಸಿ.
4. ಕಡ್ಡಿ ತಿರುಗಿಸಿ ನಲ್ ಹುಡುಕಿ. ನಲ್ ತುಂಬ ಅಗಲವಾಗಿದ್ದರೆ ಗೇನ್ ಏರಿಸಿ, ಕಿರಿದಾಗುತ್ತದೆ. ದನಿ ಎಲ್ಲೂ ಅಡಗದಿದ್ದರೆ ಗೇನ್ ಇಳಿಸಿ.
5. ನಲ್‌ನ ಎರಡು ಅಂಚು ಓದಿ. ದನಿ ಮಾಯವಾಗುವುದು 122ರಲ್ಲಿ, ಮತ್ತೆ ಏಳುವುದು 134ರಲ್ಲಿ ಎಂದರೆ ನಡು 128.
6. ನಡುವಿಗೆ ಬಂದ ಕ್ಷಣ ‘ಈಗ!’ ಎಂದು ಕೂಗಿ. ಚುಕ್ಕಾಣಿಯವರು ಆ ಕ್ಷಣದ ದಿಕ್ಸೂಚಿ ಅಂಕಿ ಹೇಳಬೇಕು, ಹಿಡಿಯಬೇಕೆಂದಿದ್ದ ಅಂಕಿಯನ್ನಲ್ಲ. ಸಣ್ಣ ಬೋಟು ಅಲೆಯಲ್ಲಿ ಹತ್ತು ಡಿಗ್ರಿ ಹೊರಳುವುದು ಮಾಮೂಲು. ಸೆಟ್ಟಿನ ದೋಷ ಎಂದು ದೂರುವುದರಲ್ಲಿ ಅರ್ಧ ಪಾಲು ಈ ಹೊರಳಾಟದ್ದೇ.
7. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರರಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆ ಅಳತೆ ಬಿಟ್ಟುಬಿಡಿ. ಗಂಟೆ, ನಿಮಿಷ ಬರೆಯಿರಿ.

ಲೆಕ್ಕ ಹೀಗೆ. ದಿಕ್ಸೂಚಿ 040 ಎನ್ನುತ್ತದೆ. ಬೋಟಿನ ಕಬ್ಬಿಣದಿಂದ ದಿಕ್ಸೂಚಿಗೆ ಆಗುವ ಡೀವಿಯೇಶನ್ 2 ಪೂರ್ವ, ಕೂಡಿ: 042. ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವೇರಿಯೇಶನ್ 5 ಪಶ್ಚಿಮ, ಕಳೆಯಿರಿ: 037. ಸೆಟ್ಟಿನ ಕೋನ 128, ನಿಮ್ಮ ಪಟ್ಟಿಯ ತಿದ್ದುಪಡಿ –4, ಹಾಗಾಗಿ 124. ಎರಡನ್ನೂ ಕೂಡಿದರೆ ಸ್ಟೇಷನ್ನಿನ ನಿಜಕೋನ 161. 360 ದಾಟಿದರೆ 360 ಕಳೆಯಬೇಕು. ಚಾರ್ಟಿನಲ್ಲಿ ಸ್ಟೇಷನ್ನಿನಿಂದ ಎದುರು ದಿಕ್ಕಿಗೆ, ಅಂದರೆ 341ಕ್ಕೆ, ಗೆರೆ ಎಳೆಯಿರಿ. ನೀವು ಆ ಗೆರೆಯ ಆಸುಪಾಸಿನಲ್ಲಿ ಎಲ್ಲೋ ಇದ್ದೀರಿ.

ಕೈಸೆಟ್ಟಿನವರಿಗೆ ಚುಕ್ಕಾಣಿಯ ಅಂಕಿ ಕೂಡುವ ಕೆಲಸ ಇಲ್ಲ, ವೇರಿಯೇಶನ್ ಸಾಕು. ಆದರೂ ಕಂಬದ ದೋಷದ ತಿದ್ದುಪಡಿ ಬೋಟಿನ ಮೂತಿಗೆ ಹೊಂದಿಕೊಂಡೇ ಇರುವುದರಿಂದ ಮೂತಿಯ ದಿಕ್ಕನ್ನೂ ಬರೆದಿಡಬೇಕು.

ಹಂತ 8: ಈ ಕಡೆಯೋ, ಆ ಕಡೆಯೋ

ಸೆನ್ಸ್ ಗುಂಡಿ ಒತ್ತಿದಾಗ ನೆಟ್ಟನೆ ಆಂಟೆನಾದ ಸಿಗ್ನಲ್ ಕಡ್ಡಿಯ ಸಿಗ್ನಲ್ಲಿಗೆ ಸೇರಿ ಎರಡು ನಲ್‌ಗಳ ಬದಲು ಒಂದೇ ಉಳಿಯುತ್ತದೆ. ಆ ಒಂಟಿ ನಲ್ ಅಗಲವಾದ್ದು, ಬೇರೆ ಕೋನದಲ್ಲಿ ಬರುವಂಥದ್ದು. ಯಾವ ಕಡೆ ಎಂದು ತಿಳಿಯಲಷ್ಟೇ ಅದನ್ನು ಬಳಸಿ. ಅಂಕಿ ಓದುವುದು ಸೆನ್ಸ್ ಬಿಟ್ಟ ಮೇಲೆ.

ಸೆನ್ಸ್ ಇಲ್ಲದಿದ್ದರೆ ನೇರ ದಾರಿಯಲ್ಲಿ ಅರ್ಧ ಗಂಟೆ ಸಾಗಿ ಮತ್ತೆ ಅಳೆಯಿರಿ. ಕೋನ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿದ್ದರೆ ಸ್ಟೇಷನ್ನು ನಿಮ್ಮ ಬಲಕ್ಕಿದೆ, ಎಡಕ್ಕೆ ತಿರುಗಿದ್ದರೆ ಎಡಕ್ಕಿದೆ. ಸ್ಟೇಷನ್ನು ನೇರ ಮುಂದೆ ಅಥವಾ ಹಿಂದೆ ಇದ್ದರೆ ಈ ಉಪಾಯ ಕೆಲಸ ಮಾಡದು; ದಾರಿಯನ್ನು 40–50 ಡಿಗ್ರಿ ಬದಲಿಸಿ ಸಾಗಿ ನೋಡಬೇಕು.

1923ರ ಸೆಪ್ಟೆಂಬರ್ 8ರ ರಾತ್ರಿ ಕ್ಯಾಲಿಫೋರ್ನಿಯಾದ ಹೋಂಡಾ ಪಾಯಿಂಟ್‌ನಲ್ಲಿ ಅಮೆರಿಕ ನೌಕಾಪಡೆಯ ಏಳು ಡೆಸ್ಟ್ರಾಯರ್‌ಗಳು ಸಾಲಾಗಿ ಬಂಡೆಗೆ ಬಡಿದು 23 ಮಂದಿ ಸತ್ತರು. ದಡದ ರೇಡಿಯೊ ಕೇಂದ್ರ ಕೊಟ್ಟಿದ್ದ ಕೋನ ಸರಿಯಾಗಿತ್ತು. ತಮ್ಮ ಅಂದಾಜಿಗೆ ಹೊಂದದ ಕಾರಣ ಹಡಗಿನವರು ಅದನ್ನು ನಂಬಲಿಲ್ಲ. ನಿಮ್ಮ ಅಂದಾಜಿಗೂ ಸೆಟ್ಟಿಗೂ ಹೊಂದದಿದ್ದರೆ ಯಾವುದಾದರೊಂದನ್ನು ತಳ್ಳಿಹಾಕಬೇಡಿ. ನಿಲ್ಲಿ, ಆಳ ಅಳೆಯಿರಿ, ಮತ್ತೆ ಕೋನ ತೆಗೆಯಿರಿ.

ಹಂತ 9: ಚಾರ್ಟಿನ ಮೇಲೆ

ಗೆರೆಯನ್ನು ಗೆರೆ ಎಂದು ನೋಡಬೇಡಿ, ಪಟ್ಟೆ ಎಂದು ನೋಡಿ. 60 ಮೈಲು ದೂರದಲ್ಲಿ 1 ಡಿಗ್ರಿ ತಪ್ಪಿಗೆ 1 ಮೈಲು ಸರಿಯುತ್ತದೆ. 20 ಮೈಲು ದೂರದ ಸ್ಟೇಷನ್ನಿಗೆ 5 ಡಿಗ್ರಿ ತಪ್ಪಾದರೆ ಸುಮಾರು 1.7 ಮೈಲು. ಆದ್ದರಿಂದ ಗೆರೆಯ ಎರಡೂ ಬದಿಗೆ 5 ಡಿಗ್ರಿ ಬಿಟ್ಟು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಅಂಚು ಎಳೆಯಿರಿ. ಎರಡು ಮೂರು ಪಟ್ಟೆಗಳು ಒಂದರ ಮೇಲೊಂದು ಬೀಳುವ ಜಾಗದೊಳಗೆ ನೀವಿದ್ದೀರಿ. ಅದರೊಳಗೆ ಅಪಾಯದ ಬಂಡೆ ಇದ್ದರೆ ಬೋಟು ಬಂಡೆಯ ಹತ್ತಿರವೇ ಇದೆ ಎಂದು ತಿಳಿದು ನಡೆಯಿರಿ.

ಆಳ ಅಳೆಯುವ ಸೌಂಡರ್ ಇದಕ್ಕೆ ಒಳ್ಳೆಯ ಜೊತೆ. ದಡದತ್ತ ಆಳ ಒಂದೇ ಸಮ ಕಡಿಮೆಯಾಗುವ ಕಡೆ ಒಂದು ರೇಡಿಯೊ ಗೆರೆಗೆ ಒಂದು ಆಳದ ಗೆರೆ ಸೇರಿಸಿದರೆ ಎರಡು ರೇಡಿಯೊ ಗೆರೆಗಳಿಗಿಂತ ಗಟ್ಟಿ. ಅಳೆದ ಆಳದಿಂದ ಭರತ ಇಳಿತದ ಎತ್ತರ ಕಳೆಯುವುದನ್ನು ಮಾತ್ರ ಮರೆಯಬೇಡಿ.

ಯಾವಾಗ ನಂಬಬಾರದು

ರಾತ್ರಿ. ಹಗಲಲ್ಲಿ ಅಲೆ ನೆಲ ನೀರಿನ ಮೈಗಂಟಿ ಬರುತ್ತದೆ. ಕತ್ತಲಾದ ಮೇಲೆ ಆಕಾಶದ ಅಯಾನುಗೋಳಕ್ಕೆ ಬಡಿದು ಮೇಲಿನಿಂದಲೂ ಇಳಿಯುತ್ತದೆ. ಎರಡೂ ಬೆರೆತು ನಲ್ ಅಗಲವಾಗುತ್ತದೆ, ಅತ್ತಿತ್ತ ಅಲೆಯುತ್ತದೆ, ಪೂರ್ತಿ ಮೌನ ಬರುವುದಿಲ್ಲ. ಸೂರ್ಯ ಮುಳುಗುವ ಒಂದು ಗಂಟೆ ಮೊದಲಿನಿಂದ ಹುಟ್ಟಿದ ಒಂದು ಗಂಟೆಯ ನಂತರದವರೆಗೆ 25 ಮೈಲಿನಾಚೆಯ ಸ್ಟೇಷನ್ನುಗಳನ್ನು ಬಿಡಿ. ಎಎಂ ಕೇಂದ್ರಗಳ ಕಾಟ ಇನ್ನೂ ಹೆಚ್ಚು. ಸಾವಿರ ಮೈಲು ದೂರದ ಕೇಂದ್ರ ರಾತ್ರಿ ಪಕ್ಕದ ಮನೆಯಂತೆ ಕೇಳುತ್ತದೆ.

ದಡಕ್ಕೆ ಓರೆಯಾದ ಗೆರೆ. ನೆಲದಿಂದ ನೀರಿಗಿಳಿಯುವಾಗ ಅಲೆಯ ವೇಗ ಬದಲಾಗಿ ದಿಕ್ಕು ಬಾಗುತ್ತದೆ. ಗೆರೆ ದಡವನ್ನು 20 ಡಿಗ್ರಿಗಿಂತ ಕಿರಿದಾದ ಕೋನದಲ್ಲಿ ದಾಟಿದರೆ ನಾಲ್ಕೈದು ಡಿಗ್ರಿ ತಪ್ಪಬಹುದು. ನಲ್ ಮಾತ್ರ ಚೂಪಾಗಿಯೇ ಇರುತ್ತದೆ. ಕಿವಿಗೆ ಗೊತ್ತಾಗದ ದೋಷ ಇದು, ಚಾರ್ಟು ನೋಡಿಯೇ ಕಂಡುಹಿಡಿಯಬೇಕು.

ಸ್ಟೇಷನ್ನನ್ನೇ ಗುರಿಯಾಗಿಟ್ಟು ಹೋಗುವಾಗ. ಮೂತಿಯನ್ನು ನಲ್‌ಗೆ ನೆಟ್ಟು ಸಾಗಿದರೆ ಸ್ಟೇಷನ್ನಿಗೇ ಮುಟ್ಟುತ್ತೀರಿ. ಅಡ್ಡ ಹರಿವಿದ್ದರೆ ಬಿಲ್ಲಿನಂತೆ ಬಾಗಿದ ದಾರಿಯಲ್ಲಿ, ನಡುವಿನ ಬಂಡೆಗಳ ಮೇಲೆ. ದೂರ ಎಷ್ಟು ಉಳಿದಿದೆ ಎಂದು ಸೆಟ್ಟು ಹೇಳುವುದಿಲ್ಲ. 1934ರ ಮೇ 15ರಂದು ಮಂಜಿನಲ್ಲಿ ಒಲಿಂಪಿಕ್ ಎಂಬ ಪ್ರಯಾಣಿಕ ಹಡಗು ಅಮೆರಿಕದ ನ್ಯಾಂಟಕೆಟ್ ದೀಪನೌಕೆಯ (ದೀಪಸ್ತಂಭದಂತೆ ಲಂಗರು ಹಾಕಿ ನಿಲ್ಲಿಸಿದ ಹಡಗು) ಬೀಕನ್ ಹಿಡಿದು ಬಂದು ಆ ನೌಕೆಗೇ ಗುದ್ದಿತು. ನೌಕೆಯಲ್ಲಿದ್ದ 11 ಮಂದಿಯಲ್ಲಿ 7 ಮಂದಿ ಸತ್ತರು. ಗುರಿಯನ್ನು ಯಾವಾಗಲೂ ಮೂತಿಯ ಒಂದು ಬದಿಗೆ ಹತ್ತು ಹದಿನೈದು ಡಿಗ್ರಿ ಬಿಟ್ಟು ಹಿಡಿಯಿರಿ. ಕೋನ ವೇಗವಾಗಿ ಬದಲಾಗತೊಡಗಿದರೆ ಹತ್ತಿರ ಬಂದಿದ್ದೀರಿ.

ಅಭ್ಯಾಸ ಮತ್ತು ದಾಸ್ತಾನು

ಮೊದಲ ಐವತ್ತು ಕೋನಗಳನ್ನು ತಿಳಿ ಹಗಲಲ್ಲಿ, ಜಿಪಿಎಸ್ ಚಾಲೂ ಇಟ್ಟುಕೊಂಡೇ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಏಳು ಕಾಲಂ: ಸಮಯ, ಸ್ಟೇಷನ್ನು, ಮೂತಿಯ ದಿಕ್ಕು, ಸೆಟ್ಟಿನ ಕೋನ, ನಲ್‌ನ ಅಗಲ, ಜಿಪಿಎಸ್ ಲೆಕ್ಕದ ಕೋನ, ವ್ಯತ್ಯಾಸ. ನಲ್‌ನ ಅಗಲವನ್ನು ಬಿಡದೆ ಬರೆಯಿರಿ. ಅಗಲ 10 ಇದ್ದಾಗ ಎಷ್ಟು ತಪ್ಪು, 25 ಇದ್ದಾಗ ಎಷ್ಟು ತಪ್ಪು ಎಂಬುದು ಐವತ್ತು ಸಾಲು ತುಂಬುವಷ್ಟರಲ್ಲಿ ಕಣ್ಣಿಗೆ ಬೀಳುತ್ತದೆ. ಮಂಜಿನಲ್ಲಿ ಪಟ್ಟೆಯನ್ನು ಎಷ್ಟು ಅಗಲ ಎಳೆಯಬೇಕೆಂದು ಆ ಕಾಲಮ್ಮು ನೋಡಿಯೇ ನಿರ್ಧರಿಸಿ.

ಬೋಟಿಗೆ ಹೊಸ ಗಾಳಿಯಂತ್ರ, ಸೋಲಾರ್ ಚೌಕಟ್ಟು, ಹೊಸ ಹಾಯಿಹಗ್ಗ ಹಾಕಿದ ದಿನವೇ ಹಳೆ ದೋಷಪಟ್ಟಿ ರದ್ದು. ಪ್ರವಾಸ ಮುಗಿದ ಮೇಲೆ ಸೆಲ್ ತೆಗೆದು, ಸೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಕಡ್ಡಿಯ ಕೆಳಗೆ ಸ್ಪಾಂಜ್ ಇರಲಿ. ಫೆರೈಟ್ ಒಮ್ಮೆ ಜಾರಿ ಬಿದ್ದು ತುಂಡಾದರೆ ಅಂಟು ಹಾಕಿ ಕೂಡಿಸಬಹುದು, ಆದರೆ ಮತ್ತೆ ಹಂತ 3ರಿಂದ ಶುರು.